ಶನಿವಾರ ಹುಟ್ಟಿದವಳು

ಅನಂತಲಕ್ಷ್ಮಿ ತಪ್ಪು ಬರೆದಿದ್ದಾಳೆ ಎಂದು ಯಾರಾದರೂ ನನ್ನೆದುರು ಹೇಳಿದ್ದರೆ ಅವರ ಬಾಯಿಗೆ ಹತ್ತಿ ತುರುಕುತ್ತಿದ್ದೆ. ನಾನು ನರ್ಸು, ನನಗೆ ಹತ್ತಿಗೇನೂ ಬರವಿಲ್ಲ. ಶ್ರೀನಿವಾಸಪುರದ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ನಾವಿಬ್ಬರೂ ಇಪ್ಪತ್ತೆರಡು ವರ್ಷದಿಂದ ಜೊತೆಗಿದ್ದೇವೆ. ನಾನು ಹೆರಿಗೆ ವಾರ್ಡಿನಲ್ಲಿ, ಅವಳು ದಾಖಲೆ ಕೋಣೆಯಲ್ಲಿ. ಮಗು ನನ್ನ ಕೈಗೆ ಬಂದು ಅತ್ತರೆ ಅರ್ಧ ಹುಟ್ಟಿದ ಹಾಗೆ. ಅನಂತಲಕ್ಷ್ಮಿ ಅದರ ದಿನ, ಗಂಟೆ, ನಿಮಿಷವನ್ನು ಕಂಪ್ಯೂಟರಿಗೆ ಹಾಕಿದ ಮೇಲೆಯೇ ಪೂರ್ತಿ.

ಅವಳು ಮುಳಬಾಗಿಲಿನವಳು. ತಂದೆ ಪುರೋಹಿತರು, ಗಂಡ ಸೀತಾರಾಮ ಅಲ್ಲಿಯ ಒಂದು ಶಾಲೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ದಿನಾ ಬೆಳಿಗ್ಗೆ ಬಸ್ಸಿಳಿದು ಬರುವಾಗ ಅವಳ ಚೀಲದಲ್ಲಿ ಮೊಸರನ್ನದ ಡಬ್ಬಿ, ಕನ್ನಡಕ, ಒಂದು ಪಂಚಾಂಗ. ಯಾವ ಮಗು ಹುಟ್ಟಿದರೂ ಮೊದಲು ಪಂಚಾಂಗ ತೆಗೆದು ನಕ್ಷತ್ರ ನೋಡಿ ತಾಯಿಗೆ ಹೇಳುತ್ತಿದ್ದಳು, ಆಮೇಲೆ ಕೀಲಿಮಣೆ ಮುಟ್ಟುತ್ತಿದ್ದಳು. ನಾನು ಗಡಿಯಾರ ನೋಡದೆ ಅಂದಾಜಿನಲ್ಲಿ "ಒಂದ್ ಹತ್ತೂ ಕಾಲು ಬರ್ಕೊಳೇ" ಎಂದರೆ ಸಿಡಿದು ಬೀಳುತ್ತಿದ್ದಳು. "ಇದೇನ್ ಹುರಳೀಕಾಯಾ ಅಂದಾಜಲ್ಲಿ ಕೊಡೋಕೆ? ಹತ್ತು ಹದಿನಾಲ್ಕೋ, ಹತ್ತು ಹದಿನಾರೋ, ಸರಿಯಾಗಿ ಹೇಳು!" ಎಷ್ಟೋ ಸಲ ಇದಕ್ಕೇ ನಾವು ಮಾತು ಬಿಟ್ಟದ್ದುಂಟು. ಮಧ್ಯಾಹ್ನ ಉಪ್ಪಿನಕಾಯಿ ಬೇಕಾದಾಗ ಮತ್ತೆ ಮಾತಾಡುತ್ತಿದ್ದೆವು.

ಇಂಥವಳ ದಾಖಲೆಯನ್ನು ಹಿಡಿದು, ಕಳೆದ ನವೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ಹೋಳೂರಿನ ಆದಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಕೂಗತೊಡಗಿದಳು. ಹಿಪ್ಪುನೇರಳೆ ಬೆಳೆಯುವ ಮನೆಯ ಹೆಂಗಸು, ಗಂಟಲು ದೊಡ್ಡದು. ಪಕ್ಕದಲ್ಲಿ ಅವಳ ಅವಳಿ ಹೆಣ್ಣುಮಕ್ಕಳು. ದೊಡ್ಡವಳು ಸುನಂದ, ಸಣ್ಣವಳು ಮಾನಸ. ಸುನಂದಳ ಕಣ್ಣುಗಳು ಅತ್ತು ಅತ್ತು ಊದಿಕೊಂಡಿದ್ದವು.

"ಏಮಮ್ಮಾ, ಇಲ್ಲಿ ಹುಟ್ಟಿದ ತಾರೀಕು ಬರೆಯೋ ಪುಣ್ಯಾತ್ಗಿತ್ತಿ ಯಾರು?"

ಅನಂತಲಕ್ಷ್ಮಿ ಹೊರಗೆ ಬಂದಳು. ವಿಷಯ ಹೀಗಿತ್ತು. ಇಬ್ಬರು ಹುಡುಗಿಯರೂ ಹದಿನಾಲ್ಕು ವರ್ಷದೊಳಗಿನವರ ಖೋ ಖೋ ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದರು. ಎರಡು ಸಾವಿರದ ಹನ್ನೆರಡನೇ ಇಸವಿ ಜನವರಿ ಒಂದು ಅಥವಾ ಆಮೇಲೆ ಹುಟ್ಟಿದವರು ಮಾತ್ರ ಆಡಬಹುದು. ನಮ್ಮ ಆಸ್ಪತ್ರೆಯ ಕಾಗದದ ಪ್ರಕಾರ ಮಾನಸ ಹುಟ್ಟಿದ್ದು ಜನವರಿ ಒಂದು, ರಾತ್ರಿ ಒಂದು ಇಪ್ಪತ್ತಕ್ಕೆ. ಸುನಂದ ಹುಟ್ಟಿದ್ದು ಹಿಂದಿನ ದಿನ, ಡಿಸೆಂಬರ್ ಮೂವತ್ತೊಂದು, ರಾತ್ರಿ ಹನ್ನೊಂದು ನಲವತ್ತಕ್ಕೆ. ತಂಗಿ ಒಳಗೆ, ಇಪ್ಪತ್ತು ನಿಮಿಷದ ಅಂತರದಲ್ಲಿ ಅಕ್ಕ ಹೊರಗೆ. ತಂಡ ಹೊರಡುವುದು ಶುಕ್ರವಾರ. ದಾಖಲೆ ಸರಿಪಡಿಸಲು ಗುರುವಾರ ಮಧ್ಯಾಹ್ನದವರೆಗೆ ಗಡುವು.

"ಏನು ಮಾಡೋದಮ್ಮಾ, ಹುಟ್ಟಿದ ಹೊತ್ತು ಹಾಗಿದೆ" ಎಂದಳು ಅನಂತಲಕ್ಷ್ಮಿ. ಅವಳಿಗೂ ಪಾಪ ಅನಿಸಿತ್ತು.

"ಹೊತ್ತಾ? ಅವತ್ತು ನೋವು ಬಂದು ನಮ್ಮೂರಿಂದ ಆಟೋ ಹತ್ತಿದ್ದೇ ನಡುರಾತ್ರಿ ಕಳೆದು ಎರಡೂವರೆಗೆ. ಇಲ್ಲಿಗೆ ಬಂದಾಗ ಈ ಗೋಡೇ ಗಡಿಯಾರದಲ್ಲಿ ಮೂರು ಗಂಟೆ. ನಮ್ಮೆಜಮಾನ್ರು ಆಂಜಿನಪ್ಪ ಅವರೇ ನೋಡಿ ಹೇಳಿದ್ರು. ಆಸ್ಪತ್ರೆಗೆ ಬರೋಕ್ ಮುಂಚೇನೇ ಆಸ್ಪತ್ರೇಲಿ ಹೆತ್ನಾ ನಾನು?"

ನನಗೆ ನಗು ಬಂತು. ಅನಂತಲಕ್ಷ್ಮಿಯ ಮುಖ ನೋಡಿದೆ, ನಗು ಅಲ್ಲೇ ಸತ್ತಿತು. ಅವಳು ಒಳಗೆ ಹೋಗಿ ಕಂಪ್ಯೂಟರ್ ಮುಂದೆ ಕುಳಿತಳು. ನಾನೂ ಹಿಂದೆ ಹೋದೆ.

ಆ ವರ್ಷದ ಹೆರಿಗೆಗಳ ಪಟ್ಟಿ ಪರದೆಯ ಮೇಲೆ ಬಂತು. ನನ್ನ ಕಣ್ಣು ಬಿದ್ದದ್ದು ಸಿಸೇರಿಯನ್‌ಗಳ ಮೇಲೆ. ಬೆಳಗಿನ ಜಾವ ನಾಲ್ಕು ಗಂಟೆ ಐದು ನಿಮಿಷ. ನಾಲ್ಕು ನಲವತ್ತು. ಐದು ಹದಿನೈದು. ಹಿಂದಿನ ವರ್ಷವೂ ಹಾಗೇ, ಅದರ ಹಿಂದಿನದೂ ಹಾಗೇ. ಅಯ್ಯೋ ರಾಮ! ನಮ್ಮ ಡಾಕ್ಟರ್ ಮುರಳಿಮೋಹನ್ ಕೋಲಾರದಿಂದ ಕಾರಿನಲ್ಲಿ ಬಂದು, ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಒಂಬತ್ತೂವರೆ ಆಗದೆ ಕತ್ತರಿ ಮುಟ್ಟಿದವರೇ ಅಲ್ಲ.

"ಲೇ ಅನಂತೂ, ಆ ಮನುಷ್ಯ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಆಪರೇಷನ್ ಮಾಡಿದ್ದು ಯಾವಾಗಲೇ? ಈ ಹೆರಿಗೇಲೆಲ್ಲ ನಾನೇ ಇದ್ದೆ. ಎಲ್ಲಾ ಹಾಡುಹಗಲೇ ಆಗಿದ್ದು!"

ಅವಳು ಇನ್ನೂ ಹಿಂದಿನ ವರ್ಷಗಳ ಪಟ್ಟಿಯನ್ನು ಒಂದೊಂದಾಗಿ ತೆರೆಯುತ್ತ ಹೋದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಮೊದಲಿದ್ದದ್ದು ಒಂದು ಹಳೆಯ ಕಂಪ್ಯೂಟರ್ ವ್ಯವಸ್ಥೆ. ಎರಡು ಸಾವಿರದ ಹದಿನೇಳರಲ್ಲಿ ಹೊಸದು ಬಂತು. ಹಳೆಯದರಲ್ಲಿದ್ದ ಹನ್ನೆರಡು ವರ್ಷದ ಆರು ಸಾವಿರ ಹೆರಿಗೆಗಳನ್ನು ಹೊಸದಕ್ಕೆ ದಾಟಿಸಿಕೊಟ್ಟವನು ಮಾಲೂರಿನ ವೆಂಕಟ್. ಕೈಬರಹದ ಪುಸ್ತಕಗಳನ್ನು ಅಷ್ಟರಲ್ಲಿ ಗೆದ್ದಲು ತಿಂದಿತ್ತು. ಅವಳಿಗಳ ಕಾಗದ ಕಳೆದುಹೋಗಿ, ಆಂಜಿನಪ್ಪ ಶಾಲೆಗೆ ಸೇರಿಸುವಾಗ ಬಂದು ಇಸಿದುಕೊಂಡದ್ದು ಈ ಹೊಸ ವ್ಯವಸ್ಥೆಯ ಪ್ರತಿಯನ್ನೇ. ಅಲ್ಲಿಯವರೆಗೆ ಮಾಡಿಸದೆ ಬಿಟ್ಟಿದ್ದ ಜನನ ನೋಂದಣಿಯೂ ಅದರಿಂದಲೇ ಆಗಿತ್ತು.

ಅನಂತಲಕ್ಷ್ಮಿ ವೆಂಕಟ್‌ಗೆ ಫೋನ್ ಮಾಡಿದಳು. ಅವನು ಮಾಲೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದ. ನಾಲ್ಕು ಸಮಯ ಓದಿ ಹೇಳಿದಳು.

"ಅಯ್ಯಯ್ಯೋ ಮೇಡಂ... ಹಳೇ ಸಿಸ್ಟಮ್ಮು ಒಳಗಡೆ ಲಂಡನ್ ಟೈಮ್ ಇಟ್ಕೊಂಡಿತ್ತು ಅನ್ಸುತ್ತೆ. ನಿಮಗೆ ತೋರಿಸೋವಾಗ ಐದೂವರೆ ಗಂಟೆ ಕೂಡಿಸಿ ತೋರಿಸ್ತಿತ್ತು. ನಾನು ಒಳಗಿದ್ದದ್ದನ್ನ ಹಾಗೇ ಎತ್ತಿ ಹೊಸದಕ್ಕೆ ಹಾಕ್ಬಿಟ್ಟೆ. ಹೊಸದು ಅದನ್ನೇ ನಮ್ಮ ಟೈಮ್ ಅಂದ್ಕೊಂತು."

"ಅಂದ್ರೆ ಎಲ್ಲಾ ಮಕ್ಕಳಿಗೂ ಐದೂವರೆ ಗಂಟೆ ಕಡಿಮೆ?"

"ಹೌದು ಮೇಡಂ. ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಐದೂವರೆ ಒಳಗೆ ಹುಟ್ಟಿದೋರಿಗೆ ತಾರೀಕೇ ಹಿಂದಿನ ದಿನಕ್ಕೆ ಹೋಗಿರುತ್ತೆ. ಆದ್ರೆ ಮೇಡಂ, ನೀವು ಚೆಕ್ ಮಾಡಿ ಸರಿ ಇದೆ ಅಂತ ಸೈನ್ ಹಾಕಿ ಕೊಟ್ರಿ."

ಹಾಕಿದ್ದಳು. ನನಗೆ ಚೆನ್ನಾಗಿ ನೆನಪಿದೆ. ಹೊಸದು ಬಂದ ಒಂದೆರಡು ದಿನದಲ್ಲೇ ಅವಳು ನಲವತ್ತು ತಾಯಂದಿರಿಗೆ ಫೋನ್ ಮಾಡಿದ್ದಳು. ತಾರೀಕು ಕೇಳಿದರೆ ಅರ್ಧ ಜನ ತಡಬಡಿಸುತ್ತಾರೆ, ಗಂಟೆಯಂತೂ ಯಾರಿಗೂ ನೆನಪಿರುವುದಿಲ್ಲ. ಆದರೆ ಮಗು ಹುಟ್ಟಿದ್ದು ಸೋಮವಾರವೋ ಶನಿವಾರವೋ, ಆ ವಾರವನ್ನು ನಮ್ಮ ಸೀಮೆಯ ತಾಯಿ ಮರೆಯುವುದಿಲ್ಲ. ಆ ವಾರ ಮಗುವಿಗೆ ಕೂದಲು ತೆಗೆಸುವುದಿಲ್ಲ, ತಲೆಗೆ ಎಣ್ಣೆ ಹಚ್ಚುವುದಿಲ್ಲ. ಹಾಗಾಗಿ ಅವಳು ಕೇಳಿದ್ದು ಒಂದೇ ಪ್ರಶ್ನೆ, ಯಾವ ವಾರ ಹುಟ್ಟಿದ್ದು ಎಂದು. ನಲವತ್ತಕ್ಕೆ ನಲವತ್ತೂ ಕಂಪ್ಯೂಟರಿನ ತಾರೀಕಿಗೆ ತಾಳೆಯಾಗಿತ್ತು. ಅವತ್ತು ಖುಷಿಯಲ್ಲಿ ನನಗೆ ಮೈಸೂರುಪಾಕು ಕೊಡಿಸಿದ್ದಳು.

"ತಾರೀಕು ತಪ್ಪಾಗಿದ್ರೆ ವಾರ ಹೇಗೆ ತಾಳೆಯಾಯ್ತೇ?" ಅಂದಳು. "ನಲವತ್ತು ಜನಾನೂ ಸುಳ್ಳು ಹೇಳಿದ್ರಾ?" ಅವಳು ಅವತ್ತು ಮೊಸರನ್ನದ ಡಬ್ಬಿ ತೆರೆಯಲೇ ಇಲ್ಲ.

ಡಾಕ್ಟರಿಗೆ ಹೇಳಿದೆವು. ಆಮೇಲೆ ಅವರು ಹುಡುಕಿದ ದಾರಿ ಏನೆಂದರೆ, ಆ ಹುಡುಗಿಯದೊಂದನ್ನು ಕೈತಪ್ಪು ಎಂದು ಬರೆದುಕೊಟ್ಟು ಉಳಿದದ್ದನ್ನು ಮುಚ್ಚಿಬಿಡುವುದು. ನನಗೂ ಅದೇ ಸರಿ ಎನಿಸಿತು, ಸುಳ್ಳು ಯಾಕೆ ಹೇಳಲಿ. ಅನಂತಲಕ್ಷ್ಮಿಯ ನಿವೃತ್ತಿಗೆ ಎರಡೇ ತಿಂಗಳಿತ್ತು. ಆದರೆ ತಂಡದ ದಾಖಲೆ ನೋಡುತ್ತಿದ್ದ ಕೋಲಾರದ ವ್ಯಾಯಾಮದ ಮೇಷ್ಟ್ರು ಅಮರನಾಥ್ ಫೋನಿನಲ್ಲೇ ಕಡ್ಡಿ ಮುರಿದಂತೆ ಹೇಳಿದರು.

"ಕೈತಪ್ಪು ಅನ್ನೋ ಕಾಗದ ಈ ವರ್ಷ ಮೂವತ್ತು ಬಂದಿದೆ ಮೇಡಂ. ಎಲ್ಲರಿಗೂ ತಂಡಕ್ಕೆ ಸೇರೋವಾಗಲೇ ಕೈ ತಪ್ಪಿರುತ್ತೆ. ಒಬ್ಬಳಿಗೆ ಮಾತ್ರ ತಿದ್ದಿ ತಂದ್ರೆ ನಾನು ಮುಟ್ಟೋದೂ ಇಲ್ಲ."

ಅನಂತಲಕ್ಷ್ಮಿ ಫೋನ್ ಇಟ್ಟಳು. ಬುಧವಾರ ಇಡೀ ದಿನ ಕುಳಿತು ತಾರೀಕು ಹಿಂದಕ್ಕೆ ಹೋದ ಮಕ್ಕಳನ್ನೆಲ್ಲ ಹುಡುಕಿ ತೆಗೆದಳು. ಸಾವಿರದ ಮುನ್ನೂರ ನಾಲ್ಕು ಹೆಸರು! ಅವರಲ್ಲಿ ಎಷ್ಟೋ ಮಕ್ಕಳು ನನ್ನ ಕೈಯಲ್ಲೇ ಅತ್ತವರು. ಪಟ್ಟಿಯ ಮೇಲೆ ಒಂದು ಪತ್ರ ಬರೆದಳು. "ವ್ಯವಸ್ಥೆ ಬದಲಾಯಿಸುವಾಗ ಸಮಯ ತಪ್ಪಾಗಿದೆ, ಪರಿಶೀಲಿಸಿ ಸರಿ ಇದೆ ಎಂದು ಸಹಿ ಹಾಕಿದವಳು ನಾನು, ನನ್ನ ಪರಿಶೀಲನೆ ತಪ್ಪು." ಅಷ್ಟೇ. ಡಾಕ್ಟರ್ ಎರಡು ಸಲ ಓದಿದರು. "ಊರೆಲ್ಲ ನಮ್ಮನ್ನ ಉಗೀತಾರೆ ಕಣ್ರೀ" ಎಂದರು. "ಉಗೀಲಿ ಸಾರ್, ಮಗು ಆಡ್ಲಿ" ಎಂದಳು ಅವಳು. ಅವರು ಸಹಿ ಹಾಕಿದರು.

ಗುರುವಾರ ಹತ್ತೂವರೆಗೆ ನಾವು ಕೋಲಾರದಲ್ಲಿದ್ದೆವು. ಆದಿಲಕ್ಷ್ಮಮ್ಮ ಮಕ್ಕಳೊಂದಿಗೆ ಆಗಲೇ ಬಂದು ಕೂತಿದ್ದಳು. ಅಮರನಾಥ್ ಮೇಷ್ಟ್ರು ಪತ್ರ ಓದಿದರು, ಪಟ್ಟಿ ತಿರುವಿದರು, ಡಾಕ್ಟರರ ನಾಲ್ಕು ಗಂಟೆಯ ಸಿಸೇರಿಯನ್‌ಗಳನ್ನು ನೋಡಿ ಹುಬ್ಬೇರಿಸಿದರು. ಸುನಂದಳ ಹನ್ನೊಂದು ನಲವತ್ತಕ್ಕೆ ಐದೂವರೆ ಗಂಟೆ ಕೂಡಿಸಿ ನೋಡಿದರು. ಜನವರಿ ಒಂದು, ಬೆಳಿಗ್ಗೆ ಐದು ಹತ್ತು. ಪೆನ್ನಿನ ಮುಚ್ಚಳ ತೆಗೆದರು. ಸುನಂದ ಮೇಜಿನ ಹತ್ತಿರಕ್ಕೆ ಸರಿದು ಪೆನ್ನಿನ ತುದಿಯನ್ನೇ ನೋಡಿದಳು.

"ಎಲ್ಲಾ ಸರಿ ಇದೆ. ತಾಯೀನ ಒಂದು ಮಾತು ಕೇಳಿ ಮುಗಿಸ್ತೀನಿ. ಅಮ್ಮಾ, ದೊಡ್ಡ ಮಗಳು ಹುಟ್ಟಿದ್ದು ಯಾವ ವಾರ?"

"ಶನಿವಾರ" ಎಂದಳು ಆದಿಲಕ್ಷ್ಮಮ್ಮ.

ಮೇಷ್ಟ್ರು ಫೋನಿನಲ್ಲಿ ಕ್ಯಾಲೆಂಡರ್ ತೆಗೆದರು. ಆ ಜನವರಿ ಒಂದು ಭಾನುವಾರ. ಶನಿವಾರವೆಂದರೆ ಡಿಸೆಂಬರ್ ಮೂವತ್ತೊಂದು.

"ಸರಿಯಾಗಿ ಯೋಚನೆ ಮಾಡಿ ಹೇಳಮ್ಮಾ."

"ಯೋಚನೆ ಏನು ಸಾರ್, ಹೆತ್ತೋಳು ನಾನು. ದೊಡ್ಡೋಳು ಶನಿವಾರ, ಸಣ್ಣೋಳು ಭಾನುವಾರ. ಇವತ್ತಿಗೂ ಶನಿವಾರ ಅವಳ ತಲೆಗೆ ಎಣ್ಣೆ ಹಚ್ಚಲ್ಲ ನಾನು."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ಸುನಂದ "ಅಮ್ಮಾ!" ಎಂದು ಕಿರುಚಿದಳು. ಈ ಹೆಂಗಸಿನ ಬಾಯಿ ಹೊಲಿಯಬಾರದಿತ್ತೇ ಎಂದು ನನಗೆ ಸಿಟ್ಟು ಬಂತು. ಎರಡು ದಿನ ನಿದ್ದೆಗೆಟ್ಟು ಮಾಡಿದ್ದನ್ನು ಒಂದು ಮಾತಿನಲ್ಲಿ ತೊಳೆದಳಲ್ಲ!

ಅನಂತಲಕ್ಷ್ಮಿ ಮಾತ್ರ ಆದಿಲಕ್ಷ್ಮಮ್ಮನನ್ನೇ ನೋಡುತ್ತಿದ್ದಳು. ನಿಧಾನವಾಗಿ ಎದ್ದು ಅವಳ ಮುಂದೆ ಹೋಗಿ ನಿಂತಳು.

"ಅಮ್ಮಾ, ಆ ಶನಿವಾರ ಮುಗಿದಿದ್ದು ಯಾವಾಗ?"

"ಹೊತ್ತು ಹುಟ್ಟಿದಾಗ. ಇನ್ಯಾವಾಗ ಮುಗೀತದೆ?"

"ರಾತ್ರಿ ಹನ್ನೆರಡಕ್ಕಲ್ವಾ?"

"ನಡುರಾತ್ರೀಲಿ ವಾರ ಬದಲಾಗೋದುಂಟೇನಮ್ಮಾ, ಚೋದ್ಯ! ದೊಡ್ಡೋಳು ಬಂದಾಗ ಬಸ್ ಸ್ಟ್ಯಾಂಡಲ್ಲಿ ಮೊದಲ್ನೇ ಬಸ್ಸು ಹಾರನ್ ಹೊಡೀತಿತ್ತು, ಇನ್ನೂ ಕತ್ತಲು. ನಮ್ಮತ್ತೆ ಹಾಲು ತರೋಕ್ ಹೋಗಿದ್ರು. ಸಣ್ಣೋಳು ಬಂದಾಗ ಕಿಟಕೀಲಿ ಎಳೆ ಬಿಸಿಲು ಬಿದ್ದಿತ್ತು. ಅದಕ್ಕೇ ಅವಳು ಭಾನುವಾರದೋಳು."

ಮೇಷ್ಟ್ರು ಮೊದಲು ಆದಿಲಕ್ಷ್ಮಮ್ಮನನ್ನು, ಆಮೇಲೆ ಕಾಗದವನ್ನು ನೋಡಿದರು. "ನಮ್ಮಮ್ಮನೂ ಹೀಗೇ ಹೇಳೋದು" ಎಂದು ಗೊಣಗಿದರು. ಮತ್ತೆ ಮುಚ್ಚಳ ತೆಗೆದು, ಕಾಗದ ಹರಿಯುವಷ್ಟು ಒತ್ತಿ, ತಂಡದ ಪಟ್ಟಿಯಲ್ಲಿ ಸುನಂದಳ ಹೆಸರು ಬರೆದರು. ಹುಡುಗಿ ತಾಯಿಯ ಬೆನ್ನಿಗೆ ಎರಡು ಗುದ್ದು ಗುದ್ದಿ ಅವಳ ಸೆರಗಿನಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿದಳು.

"ನಾನೇನಮ್ಮಾ ತಪ್ಪು ಹೇಳ್ದೆ?" ಎಂದಳು ಆದಿಲಕ್ಷ್ಮಮ್ಮ, ಗಾಬರಿಯಿಂದ.

ಹೊರಗೆ ಬಂದರೆ ಅನಂತಲಕ್ಷ್ಮಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಲಂಡನ್ನಿನ ಗಂಟೆಯಲ್ಲಿ ದಿನ ಬದಲಾಗುವುದು ನಮಗೆ ಬೆಳಿಗ್ಗೆ ಐದೂವರೆಗೆ. ನಮ್ಮ ತಾಯಂದಿರಿಗೆ ಬದಲಾಗುವುದು ಸೂರ್ಯ ಬಂದಾಗ, ಪಂಚಾಂಗದಲ್ಲಿರುವ ಹಾಗೆಯೇ. ಎರಡೂ ಹತ್ತಿರ ಹತ್ತಿರ ಒಂದೇ ಹೊತ್ತು. ಅದಕ್ಕೇ ತಪ್ಪು ತಾರೀಕಿಗೆ ವಾರ ತಾಳೆಯಾದದ್ದು. ಪಂಚಾಂಗ ನೋಡುವ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಇದು ಹೊಳೆಯದೆ ಹೋಯಿತಲ್ಲ. ಹುಡುಗಿ ಗೆದ್ದಳು ಕಣೇ, ಏಳು, ಕಾಫಿ ಕುಡಿಯೋಣ ಎಂದು ನಾನು ಕೈ ಹಿಡಿದು ಎಳೆದೆ. ಅವಳು ಏಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ನಲವತ್ತು ಜನಾನೂ ನಿಜಾನೇ ಹೇಳಿದ್ರು ಕಣೇ" ಎಂದಳು. "ಅವರಲ್ಲಿ ಒಬ್ಬಳಾದ್ರೂ ಸುಳ್ಳು ಹೇಳಿದ್ದಿದ್ರೆ ನನಗೆ ಅವತ್ತೇ ಗೊತ್ತಾಗಿಬಿಡ್ತಿತ್ತು."