ಕಿಟಕಿಯಲ್ಲಿ ಇನ್ನೊಬ್ಬ ಗಣಿಗಾರ

ನಮ್ಮ ಗಣಿಯೂರು ಝಿನ್‌ಗ್ರುಂಡ್‌ನಲ್ಲಿ ಯಾರಿಗೆ ಎಷ್ಟು ಮಕ್ಕಳೆಂದು ಬಾಯಿಬಿಟ್ಟು ಕೇಳಬೇಕಿಲ್ಲ. ಕ್ರಿಸ್ಮಸ್ಸಿಗೆ ನಾಲ್ಕು ವಾರ ಮುಂಚೆ ಕಿಟಕಿ ನೋಡಿದರೆ ಸಾಕು: ಗಂಡುಮಗುವಿಗೆ ದೀಪ ಹಿಡಿದ ಮರದ ಗಣಿಗಾರ, ಹೆಣ್ಣುಮಗುವಿಗೆ ದೀಪ ಹಿಡಿದ ದೇವದೂತೆ. ಟ್ರೌಗೊಟ್ ಮೆಲ್ಜರನ ಕಿಟಕಿಯಲ್ಲಿ ನಲವತ್ತು ವರ್ಷದಿಂದ ಇದ್ದದ್ದು ಮಗನಿಗೊಂದು, ಮಗಳು ಹೆನ್ರಿಕೆಗೊಂದು. ಈ ಸಲ ದೇವದೂತೆಯ ಪಕ್ಕ ಇಬ್ಬರು ಗಣಿಗಾರರು ನಿಂತಿದ್ದರು. ಊರಿಗೆ ಇಷ್ಟು ಸಾಲದೇ?

"ಎಪ್ಪತ್ತೆರಡು ವರ್ಷದ ಮುದುಕ, ಈಗ ಎಲ್ಲಿಂದ ಬಂದನಮ್ಮಾ ಈ ಎರಡನೇ ಮಗ? ಯಾರ ಹೊಟ್ಟೇಲಿ ಹುಟ್ಟಿದ್ನಂತೆ?" ಎಂದು ಬೇಕರಿಯ ಗೆರ್ಟ್ರಾಟ್ ಬಂದವರನ್ನೆಲ್ಲ ಕೇಳಿದಳು. ಅವಳ ಹಿತ್ತಲೇ ಹೋದ ವಾರ ಬಾಯ್ದೆರೆದು ಕುಸಿದಿತ್ತು, ಆದರೂ ಅವಳಿಗೆ ಮೆಲ್ಜರನ ಕಿಟಕಿಯದೇ ಚಿಂತೆ.

ಕುಸಿತ ಇಲ್ಲಿ ಹೊಸದಲ್ಲ. ಈ ಬೆಟ್ಟಕ್ಕೆ ಮುಖ ಕೊಟ್ಟದ್ದೇ ತವರದ ಗಣಿ. ನಾವು ಬೆಟ್ಟವೆಂದು ಹತ್ತಿಳಿಯುವ ಅರ್ಧಕ್ಕರ್ಧ, ಹಿಂದಿನವರು ಅಗೆದು ಸುರಿದ ಕಲ್ಲುರಾಶಿ; ಈಜು ಕಲಿತ ಕೆರೆಗಳೂ ಗಣಿಯ ಚಕ್ರ ತಿರುಗಿಸಲು ತೋಡಿದವು. ಗಣಿ ಮುಚ್ಚಿ ಮೂವತ್ತು ವರ್ಷವಾಯಿತು. ಅಲ್ಲೇ ದುಡಿದಿದ್ದ ಟ್ರೌಗೊಟ್ ಅಂದಿನಿಂದ ಮನೆ ಹಿಂದಿನ ಶೆಡ್ಡಿನಲ್ಲಿ ಮರದ ಗೊಂಬೆ ಕಡೆಯುತ್ತಾನೆ. ಮಗಳು ಹಳೇ ಸುರಂಗಗಳಿಗಿಳಿದು ಕಾಂಕ್ರೀಟು ತುಂಬಿಸುವ ತಂಡದಲ್ಲಿದ್ದಾಳೆ.

ಕೆಳಗಿಳಿಯುವವರಿಗೆ ನಾವು "ಗ್ಲುಕ್ ಔಫ್" ಎನ್ನುತ್ತೇವೆ, ಹೋದವರು ಹಾಗೇ ಮೇಲೆ ಬರಲಿ ಎಂದು. ಈಗ ಅಂಚೆಯವನಿಗೂ ಹಲ್ಲಿನ ಡಾಕ್ಟರಿಗೂ ಅದೇ ನಮಸ್ಕಾರ. ಟ್ರೌಗೊಟ್ ಅವರಿಗೆಲ್ಲ ಹೇಳುತ್ತಿದ್ದ. ಮಗಳಿಗೆ ಮಾತ್ರ ಒಂದು ಸಲವೂ ಹೇಳಿರಲಿಲ್ಲ. ಹತ್ತು ವರ್ಷದ ಹಿಂದೆ, ಕೆಲಸದ ಮೊದಲ ದಿನ, ಅವಳು ಹೆಲ್ಮೆಟ್ ಹಿಡಿದು ಹೊಸ್ತಿಲಲ್ಲಿ ನಿಂತು, "ಹೇಳಪ್ಪ" ಎಂದಿದ್ದಳು. "ಬೂಟಿನ ದಾರ ಬಿಗಿಯಾಗಿ ಕಟ್ಕೊ" ಎಂದಿದ್ದ ಮಹಾರಾಯ.

"ಹೆಂಗಸು ಕೆಳಗಿಳಿದ್ರೆ ಬೆಟ್ಟ ಮುನಿಯುತ್ತೆ ಅಂತ ತಾನೇ ನಿನ್ನ ತಲೇಲಿರೋದು?" ಎಂದು ಅವಳು ಎಷ್ಟೋ ಸಲ ಕೇಳಿದ್ದಾಳೆ. ಅವನು ಎದ್ದು ಶೆಡ್ಡಿಗೆ ನಡೆಯುತ್ತಿದ್ದ. ಆಗ ಅವನ ಬೆನ್ನಿಗೊಂದು ಗುದ್ದಬೇಕೆಂದು ನನಗೇ ಅನ್ನಿಸಿದ್ದುಂಟು.

ಗೆರ್ಟ್ರಾಟಳ ಹಿತ್ತಲಿಗಿಳಿಯುವ ಪಾಳಿ ಸೋಮವಾರ ಹೆನ್ರಿಕೆಗೆ ಬಂತು. ಭಾನುವಾರ ಮಧ್ಯಾಹ್ನ ತವರುಮನೆಗೆ ಬಂದಳು.

"ನಂಗೆ ತಮ್ಮ ಸಿಕ್ಕಿದಾನಂತೆ! ಯಾರಮ್ಮಾ ಅದು?"

ತಾಯಿ ರೊಸ್ವಿಟಾ ಲೇಸು ಹೆಣೆಯುತ್ತ ಕೂತಿದ್ದಳು. "ತಮ್ಮನೂ ಇಲ್ಲ, ಗಿಮ್ಮನೂ ಇಲ್ಲ. ಆ ಎರಡನೇ ಗೊಂಬೇನ ಹಿಂದುಮುಂದು ಮಾಡಿ ನೋಡೇ."

ಹೆನ್ರಿಕೆ ಗೊಂಬೆ ತಿರುಗಿಸಿದಳು. ಬೀದಿಗೆ ಕಾಣದ ಬೆನ್ನಿನ ಮೇಲೆ, ಟೋಪಿಯ ಕೆಳಗಿನಿಂದ, ಉದ್ದ ಜಡೆ ಇಳಿಬಿದ್ದಿತ್ತು. ಅವಳದೇ ಜಡೆ.

"ನೀನು ಕೆಲಸಕ್ಕೆ ಸೇರಿದ ವಾರಾನೇ ಕಡೆದದ್ದು. ದಿನಾ ಬೆಳಿಗ್ಗೆ ನೀನು ಕೆಳಗಿಳಿಯೋ ಹೊತ್ತಿಗೆ ಶೆಡ್ಡಲ್ಲಿ ಅದರ ಮುಂದೆ ನಿಂತು ಗ್ಲುಕ್ ಔಫ್ ಅಂತಾನೆ. ನಂಗೆ ಕೇಳಿಸಲ್ಲ ಅಂದ್ಕೊಂಡಿದಾನೆ ಪಾಪ."

ಹೆನ್ರಿಕೆ ಗೊಂಬೆ ಹಿಡಿದೇ ಶೆಡ್ಡಿಗೆ ಹೋದಳು. "ಅಪ್ಪಾ, ನಂಗ್ಯಾಕೆ ಹೇಳ್ಲಿಲ್ಲ?"

ಟ್ರೌಗೊಟ್ ತನ್ನ ಕೈ ನೋಡಿಕೊಂಡ. "ನಮ್ಮಣ್ಣ ಎಬರ್‌ಹಾರ್ಟಂಗೆ ಹೇಳಿದ್ದೆ. ಆಗ ನಂಗೆ ಹತ್ತೊಂಬತ್ತು. ಬಾಯ್ತುಂಬ ಹೇಳಿ ಕಳ್ಸಿದ್ದೆ, ಅವನು ಬರಲೇ ಇಲ್ಲ. ಆಮೇಲೆ ಗಣೀಲಿ ಇದ್ದಷ್ಟು ವರ್ಷವೂ ಬರೀ ತುಟಿ ಅಲ್ಲಾಡಿಸ್ತಿದ್ದೆ, ದನಿ ಬಿಡ್ತಿರ್ಲಿಲ್ಲ. ಅಂಚೆಯವನಿಗೆ ಹೇಳ್ಬಹುದು, ಅವನೆಲ್ಲಿಗೆ ಇಳೀತಾನೆ?" ಅವಳ ಕೈಯಿಂದ ಗೊಂಬೆ ತೆಗೆದುಕೊಂಡು ಸೇರಿಸಿದ: "ಗೆರ್ಟ್ರಾಟಳ ಹಿತ್ತಲ ಕೆಳಗಿರೋದು ನಮ್ಮಣ್ಣ ಇಳಿದಿದ್ದ ಸುರಂಗಾನೇ. ಈ ಸಲ ಶೆಡ್ಡಲ್ಲಿ ಹೇಳಿದ್ರೆ ಸಾಲ್ದು ಅನ್ನಿಸ್ತು. ಕಿಟಕೀಲಿ ದೀಪ ಹಚ್ಚಿಟ್ಟೆ."

ಸೋಮವಾರ ಬೆಳಿಗ್ಗೆ ಹಿತ್ತಲಲ್ಲಿ ಹಿಮ ಬೀಳುತ್ತಿತ್ತು. ಎಲ್ಲರೂ ಗ್ಲುಕ್ ಔಫ್ ಎಂದರು. ಟ್ರೌಗೊಟ್ ಬಾಯಿ ತೆರೆದ.

"ಈಗ ಬೇಡಪ್ಪ," ಎಂದಳು ಹೆನ್ರಿಕೆ, ಏಣಿಗೆ ಕಾಲಿಡುತ್ತ. "ಬಾಯಲ್ಲೇ ಇಟ್ಕೊ. ಹತ್ತಿ ಬಂದ್ಮೇಲೆ ಹೇಳು."

ಅವನು ಇಟ್ಟುಕೊಂಡ. ಇಡೀ ದಿನ ಆ ಗುಂಡಿಯ ಅಂಚು ಬಿಟ್ಟು ಕದಲಲಿಲ್ಲ.

"ಕಾಫಿ ಕುಡಿಯಯ್ಯಾ, ಹೆಪ್ಪುಗಟ್ಟಿ ಸಾಯ್ತೀಯ," ಎಂದು ಗೆರ್ಟ್ರಾಟ್ ಲೋಟ ಹಿಡಿದು ಬಂದಳು. ತಲೆಯಲ್ಲಾಡಿಸಿದ. "ಏನು, ಬಾಯಿಗೆ ಬೀಗ ಹಾಕಿದೀಯಾ?" ಎಂದಳು. ಅದಕ್ಕೂ ತಲೆಯಲ್ಲಾಡಿಸಿದ. ಮಧ್ಯಾಹ್ನ ಕೆಳಗೆಲ್ಲೋ ಕಲ್ಲು ಉರುಳಿದ ಸದ್ದಾಯಿತು. ಅವನು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡ.

ನಾಲ್ಕು ಗಂಟೆಗೆ, ಕಿಟಕಿಗಳಲ್ಲಿ ದೀಪ ಹತ್ತುವ ಹೊತ್ತಿಗೆ, ಏಣಿ ಅಲುಗಿತು. ಮೊದಲು ಹೆಲ್ಮೆಟ್ ಕಂಡಿತು, ಆಮೇಲೆ ಕೆಸರು ಮೆತ್ತಿದ ಜಡೆ.

"ಗ್ಲುಕ್ ಔಫ್!" ಎಂದು ಟ್ರೌಗೊಟ್ ಕೂಗಿದ ಕೂಗಿಗೆ ಗೆರ್ಟ್ರಾಟಳ ಕೈಯಲ್ಲಿದ್ದ ಲೋಟ ಬಿತ್ತು. ಹೆನ್ರಿಕೆ ಕೊನೆಯ ಮೆಟ್ಟಿಲು ಹತ್ತದೆ ಅಲ್ಲೇ ನಿಂತು, "ಇನ್ನೊಂದ್ಸಲ ಹೇಳಪ್ಪ," ಎಂದಳು.