ಲೆನ್ಸಿಗೆ ತೊಡಿಸಿದ ಬಳೆ

ನಮ್ಮ ಅತ್ತೆಯ ಕ್ಯಾಮೆರಾದ ಬೆನ್ನ ಮೇಲೆ ಒಂದು ಉದ್ದನೆಯ ಗೀರಿತ್ತು. ಅದು ಅವರ ಮೂಗುಬೊಟ್ಟು ವರ್ಷಗಟ್ಟಲೆ ಉಜ್ಜಿ ಉಜ್ಜಿ ಆದದ್ದು. ಗೀರಿನ ಮೇಲ್ಗಡೆ, ಹಣೆ ತಾಗುವ ಜಾಗದಲ್ಲಿ, ಒರೆಸಿದರೂ ಹೋಗದ ಕುಂಕುಮದ ಕಲೆ. ಎಡಗಣ್ಣನ್ನು ಬಿಗಿಯಾಗಿ ಮುಚ್ಚಿ, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಆ ಭಾರದ ಕ್ಯಾಮೆರಾವನ್ನು ಮುಖಕ್ಕೆ ಒತ್ತಿ ಹಿಡಿದರೆಂದರೆ ಎದುರಿಗಿದ್ದವರು ಉಸಿರು ಹಿಡಿದು ನಿಲ್ಲಬೇಕಿತ್ತು.

ನಾನು ಸೊಸೆಯಾಗಿ ಮುಳಬಾಗಿಲಿನ ಆ ಮನೆಗೆ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಮಾವ ಸರ್ವೆ ಇಲಾಖೆಯಲ್ಲಿದ್ದವರು. ಚಿನ್ನದ ಗಣಿಯಿಂದ ವರ್ಗವಾಗಿ ಹೊರಟಿದ್ದ ಎಂಜಿನಿಯರೊಬ್ಬರ ಹತ್ತಿರ ಅವರೇ ಆ ರಷ್ಯಾ ಕ್ಯಾಮೆರಾವನ್ನೂ ಮೂರು ಲೆನ್ಸುಗಳನ್ನೂ ಕೊಂಡು ತಂದಿದ್ದರಂತೆ. ಆದರೆ ಭೂಮಿಯನ್ನು ಒಂದಂಗುಲ ತಪ್ಪದೆ ಅಳೆಯುವ ಆ ಮನುಷ್ಯ ಫೋಟೋದಲ್ಲಿ ಮಾತ್ರ ಪ್ರತಿ ಸಲವೂ ಜನರ ತಲೆ ಕತ್ತರಿಸುತ್ತಿದ್ದರು. ಮೂರನೇ ರೀಲಿನಲ್ಲಿ ತಮ್ಮ ತವರಿನವರ ತಲೆಗಳೆಲ್ಲ ಹೋದದ್ದನ್ನು ನೋಡಿ ಅತ್ತೆ ಕ್ಯಾಮೆರಾವನ್ನು ಕೈಯಿಂದ ಕಿತ್ತುಕೊಂಡರು. ಮತ್ತೆ ವಾಪಸು ಕೊಡಲಿಲ್ಲ. ಮಾವ ಹಳೆಯದೊಂದು ಸರ್ವೆ ಮೇಜಿನ ಮೂರು ಕಾಲಿನ ಸ್ಟ್ಯಾಂಡನ್ನು ಎಲ್ಲಿಂದಲೋ ಸಂಪಾದಿಸಿ ತಂದು, ಅದನ್ನು ಹೊತ್ತುಕೊಂಡು ಹೆಂಡತಿಯ ಹಿಂದೆ ನಡೆಯುವ ಕೆಲಸಕ್ಕೆ ತಾವಾಗಿಯೇ ಬಡ್ತಿ ಪಡೆದರು.

ಮೂವತ್ತಾರು ಫೋಟೋದ ಒಂದು ರೀಲು ಅತ್ತೆಗೆ ಮೂರು ತಿಂಗಳು ಬರುತ್ತಿತ್ತು. ಹೂ ಕಟ್ಟುವವಳು, ಅಂಚೆಯವರು, ದೇವರಾಯಸಮುದ್ರದ ಕೆರೆ ಏರಿಯ ಮೇಲೆ ಹಸು ಹೊಡೆದುಕೊಂಡು ಬರುವ ಹೆಂಗಸರು, ಇಂಥವರೇ ಅವರಿಗೆ ಬೇಕು. ಎಲ್ಲರಿಗೂ ತೆಲುಗಿನಲ್ಲೇ "ಕದಲೊದ್ದು, ಕದಲೊದ್ದು" ಎನ್ನುತ್ತಿದ್ದರು. ಅಲುಗಾಡಬೇಡಿ ಎಂದು. ಮನೆಯಲ್ಲಿ ಶುದ್ಧ ಕನ್ನಡ, ಕ್ಯಾಮೆರಾ ಹಿಡಿದರೆ ತೆಲುಗು. ಒಂದು ಸಲ ಕರುವಿಗೂ ಹಾಗೆಯೇ ಹೇಳಿದ್ದನ್ನು ನಾನು ಕೇಳಿದ್ದೇನೆ.

ನನ್ನ ಮುಂದಿನ ಹಲ್ಲುಗಳು ಉಬ್ಬು. ಆ ಕಾರಣಕ್ಕೇ ಎರಡು ಸಂಬಂಧಗಳು ತಪ್ಪಿಹೋಗಿದ್ದವು. ಮದುವೆಯ ಆಲ್ಬಂನಲ್ಲಿ ನಾನು ತುಟಿ ಬಿಗಿದುಕೊಂಡೇ ಇದ್ದೇನೆ. ಸ್ಟುಡಿಯೋದವನು ಬಾಯಿ ಮುಚ್ಚಿಕೊಳ್ಳಲು ಹೇಳುವುದೇ ಬೇಕಿರಲಿಲ್ಲ. ಮದುವೆಯಾದ ಮಾರನೇ ಬೇಸಿಗೆ, ಮಹಡಿಯ ಮೇಲೆ ಸಂಡಿಗೆ ಒಣಹಾಕಿದ್ದೆವು. ಕಾಗೆಯೊಂದು ಸಂಡಿಗೆ ಕಚ್ಚಿಕೊಂಡು ಹೋಯಿತು. ಮಾವ ಛತ್ರಿ ಬೀಸುತ್ತಾ ಅದರ ಹಿಂದೆ ಓಡಿ, ಒಣಗಲು ಹಾಕಿದ್ದ ಸೀರೆಯೊಳಗೆ ಸಿಕ್ಕಿಕೊಂಡರು. ನಾನು ಹೊಟ್ಟೆ ಹಿಡಿದು ನಕ್ಕೆ. ಪಕ್ಕದಲ್ಲಿ ಟಪ್ ಎಂದು ಸದ್ದಾಯಿತು.

ರೀಲು ಮುಗಿದು ಪ್ರಿಂಟು ಬರಲು ಎರಡು ತಿಂಗಳಾಯಿತು. ಫೋಟೋ ನೋಡಿದಾಗ ನನಗೆ ಅಳುವೇ ಬಂತು. ಹಲ್ಲೆಲ್ಲಾ ಕಾಣತ್ತೆ, ಹರಿದು ಹಾಕಿಬಿಡಿ ಎಂದೆ. ಅತ್ತೆ ಫೋಟೋವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

"ನಿನ್ನ ಹಲ್ಲು ಮುಂದಿದೆ, ಅದು ನಿಜ. ನಕ್ಕಾಗ ನೀನು ಚೆನ್ನಾಗಿ ಕಾಣ್ತೀಯ, ಅದೂ ನಿಜ. ಎರಡೂ ಒಂದೇ ಫೋಟೋದಲ್ಲಿ ಬಂದ್ರೆ ನಾನೇನು ಮಾಡ್ಲಿ?"

ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಬಂದವರೆಲ್ಲ ಅದನ್ನು ನೋಡಿ ನಗುತ್ತಿದ್ದರು. ನನ್ನನ್ನು ನೋಡಿ ನಗುತ್ತಿಲ್ಲ, ನನ್ನ ಜೊತೆ ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಆಮೇಲೆ ನಾನು ಯಾವ ಫೋಟೋದಲ್ಲೂ ಬಾಯಿ ಬಿಗಿದಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕ್ಯಾಮೆರಾದೊಳಗೆ ಬೆಳಕು ತಡೆಯುವ ಬಟ್ಟೆಯ ಪರದೆ ಹರಿಯಿತು. ಬೆಂಗಳೂರಿನ ರಿಪೇರಿಯವರು ಇದನ್ನು ಶೋಕೇಸಿನಲ್ಲಿಡಿ ಎಂದರು. ಅತ್ತೆ ಶೋಕೇಸಿನಲ್ಲಿಡಲಿಲ್ಲ. ಮೂರು ಲೆನ್ಸುಗಳನ್ನೂ ಹಳೆಯ ರೇಷ್ಮೆ ರವಿಕೆಗಳಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, ಇನ್ನು ಮುಗೀತು ಎಂದು ಸುಮ್ಮನಾದರು. ಸಂಜೆ ಹೊರಗೆ ಹೋಗುವುದನ್ನೂ ಬಿಟ್ಟರು. ಮಾವ ಸ್ಟ್ಯಾಂಡಿನ ಮೂರು ಕಾಲಿಗೆ ಸೋರೆ ಬಳ್ಳಿ ಹಬ್ಬಿಸಿದರು.

ನಾನು ಕೋಲಾರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಗಿಡಗಳ ಚಿತ್ರ ತೆಗೆಯಲೆಂದು ಕೆಲವು ವರ್ಷಗಳ ನಂತರ ಒಂದು ಡಿಜಿಟಲ್ ಕ್ಯಾಮೆರಾ ಕೊಂಡೆ. ಮೊದಲು ಅತ್ತೆಯ ಕೈಗೇ ಕೊಟ್ಟೆ. ಅವರು ಮಲ್ಲಿಗೆ ಮೊಗ್ಗಿಗೆ ಗುರಿಯಿಟ್ಟರೆ ಅದು ಝುಯ್ ಎಂದು ತಿರುಗಿ ಹಿಂದಿನ ಬಟ್ಟೆ ಹಗ್ಗವನ್ನು ಸ್ಪಷ್ಟ ಮಾಡಿತು. ಅತ್ತೆ ವಾಪಸು ಕೊಟ್ಟು, ಇದು ನಾನು ನೋಡಿದ್ದನ್ನು ನೋಡಲ್ಲ, ಅದಕ್ಕೆ ಬೇಕಾದ್ದು ನೋಡ್ಕೊಳತ್ತೆ ಎಂದರು.

ಆದರೆ ಮಾರನೇ ಬೆಳಿಗ್ಗೆ ನಾನು ಎದ್ದು ಬಂದಾಗ ಟ್ರಂಕು ತೆರೆದಿತ್ತು. ಅತ್ತೆ ನನ್ನ ಕ್ಯಾಮೆರಾದ ಲೆನ್ಸು ಬಿಚ್ಚಿ, ಅದರ ಬಾಯಿಗೆ ತಮ್ಮ ಹಳೆಯ ಲೆನ್ಸನ್ನು ಕೈಯಲ್ಲೇ ಒತ್ತಿ ಹಿಡಿದು, ಕಿಟಕಿಯ ಹತ್ತಿರ ನಿಂತಿದ್ದರು. ಸಂದಿಯಿಂದ ಬೆಳಕು ಸೋರಿ ಚಿತ್ರದ ಅರ್ಧ ಬೆಳ್ಳಗಾಗಿತ್ತು. ಉಳಿದ ಅರ್ಧದಲ್ಲಿ ಮಲ್ಲಿಗೆ ಮೊಗ್ಗು ಕೈಗೆ ಸಿಗುವಂತಿತ್ತು.

"ನೋಡೇ, ಇದರ ಬಾಯಿ ದೊಡ್ಡದು, ನನ್ನ ಲೆನ್ಸಿನ ಕತ್ತು ಸಣ್ಣದು. ನಡುವೆ ಒಂದು ಬಳೆ ಬೇಕು, ಅಷ್ಟೇ."

ಅಂಥ ಬಳೆಗಳು ದೊಡ್ಡ ಊರುಗಳಲ್ಲಿ ಸಿಗುತ್ತವೆಂದು ನಮಗೆ ಗೊತ್ತಿರಲಿಲ್ಲ. ಶ್ರೀನಿವಾಸಪುರದಲ್ಲಿ ಒಬ್ಬರು ಲೇತ್ ಸಾಬರಿದ್ದರು. ಬೋರ್‌ವೆಲ್ ಪಂಪು, ಟ್ರ್ಯಾಕ್ಟರುಗಳಿಗೆ ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆದು ಬಿಡಿಭಾಗ ಮಾಡಿಕೊಡುವವರು. ಅತ್ತೆ, ಮಾವ, ನಾನು ಮೂವರೂ ಬಸ್ಸು ಹತ್ತಿ ಅವರಲ್ಲಿಗೆ ಹೋದೆವು. ಹೊಸ ಕ್ಯಾಮೆರಾವನ್ನು ಲೇತ್ ಅಂಗಡಿಗೆ ಒಯ್ಯುತ್ತೀರಾ ಎಂದು ನನ್ನ ಗಂಡ ರೇಗಿದ್ದರು. ನನಗೂ ಒಳಗೊಳಗೇ ಪುಕಪುಕ. ಸಾಬರು ಎಲ್ಲವನ್ನೂ ತಿರುಗಿಸಿ ತಿರುಗಿಸಿ ನೋಡಿ, ಇಂಥದ್ದು ತಾವು ಮಾಡಿಲ್ಲ, ತಪ್ಪಾದರೆ ಬೈಯಬಾರದು ಎಂದು ಮೊದಲೇ ಮಾತು ತೆಗೆದುಕೊಂಡರು. ಕ್ಯಾಮೆರಾದ ಬಾಯಿಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳದ ನಡುವೆ ತೂತು ಕೊರೆದು, ಅದಕ್ಕೆ ಒಳಗಡೆ ತಿರುಪಿರುವ ಅಲ್ಯೂಮಿನಿಯಂ ಬಳೆ ಕೂರಿಸಿದರು. ಲೆನ್ಸು ಬಳೆಗೆ, ಬಳೆ ಕ್ಯಾಮೆರಾಕ್ಕೆ. ಸರಿಯಾಗಿ ಕೂತಿತು. ಎಷ್ಟು ಸರಿಯಾಗಿ ಎಂದರೆ, ತಿರುಗಿ ಬಿಚ್ಚಲು ಹೋದರೆ ಬರಲೇ ಇಲ್ಲ.

ಸಾಬರು ತಿರುಗಿಸಿದರು, ಮಾವ ತಿರುಗಿಸಿದರು. ಸಾಬರ ಕಣ್ಣು ಸುತ್ತಿಗೆಯ ಕಡೆ ಹೋದದ್ದನ್ನು ನಾನು ನೋಡಿದೆ. ಅತ್ತೆ ಮಾತ್ರ ಸ್ಟೂಲಿನಿಂದ ಏಳದೆ, ಉಪ್ಪಿನಕಾಯಿ ಜಾಡಿ ಮುಚ್ಚಳ ಬರದಿದ್ದರೆ ನಾವು ಏನು ಮಾಡುತ್ತೇವೆ ಎಂದು ನನ್ನನ್ನೇ ಕೇಳಿದರು. ಆಮೇಲೆ ಸಾಬರ ಹತ್ತಿರ ಹಳೆಯ ಸೈಕಲ್ ಟ್ಯೂಬಿನ ತುಂಡು ಕೇಳಿ, ಅದನ್ನು ಬಳೆಯ ಸುತ್ತ ಬಿಗಿಯಾಗಿ ಸುತ್ತಿ, ಮಾವನ ಕೈಯಲ್ಲಿ ಕ್ಯಾಮೆರಾ ಹಿಡಿಸಿ, ಒಂದೇ ಪಟ್ಟು ಹಾಕಿದರು. ಬಳೆ ಬಿಚ್ಚಿಕೊಂಡಿತು. ಸಾಬರು ಸುತ್ತಿಗೆಯನ್ನು ಕಾಲಿನಿಂದ ಬೆಂಚಿನ ಕೆಳಗೆ ತಳ್ಳಿದರು.

ಊರಿಗೆ ಬಂದು ಮಹಡಿ ಹತ್ತಿ ನೋಡಿದರೆ ಹತ್ತಿರದ್ದೆಲ್ಲ ಸ್ಪಷ್ಟ. ಆದರೆ ಮುಳಬಾಗಿಲಿನ ಬೆಟ್ಟ ಮಾತ್ರ ಎಷ್ಟು ತಿರುಗಿಸಿದರೂ ಹಿಟ್ಟು ಚೆಲ್ಲಿದ ಹಾಗೆ ಮಸುಕು. ಬಳೆ ದಪ್ಪವಾಗಿತ್ತು. ಲೆನ್ಸು ಒಂದು ಕೂದಲಷ್ಟು ಮುಂದೆ ಕೂತರೂ ದೂರದ್ದು ಸಿಗುವುದಿಲ್ಲ ಎಂದು ಮಾವ ತಮ್ಮ ಸರ್ವೆ ದುರ್ಬೀನಿನ ಜ್ಞಾನ ಹಚ್ಚಿ ವಿವರಿಸಿದರು. ಮತ್ತೆ ಬಸ್ಸು. ಸಾಬರು ಕೂದಲಷ್ಟು ಕೆರೆದರು. ಮತ್ತೆ ಮಹಡಿ, ಮತ್ತೆ ಮಸುಕು. ಮೂರನೇ ಸಲ ಸಾಬರು ತಾವೇ ಅಂಗಡಿ ಮುಚ್ಚಿ, ಅರವನ್ನು ಜೇಬಿನಲ್ಲಿಟ್ಟುಕೊಂಡು ನಮ್ಮ ಜೊತೆ ಬಸ್ಸು ಹತ್ತಿದರು. ನಮ್ಮ ಮಹಡಿಯ ಮೇಲೆ ಕೂತು ಉಜ್ಜುವುದು, ಅತ್ತೆ ನೋಡುವುದು, ಮತ್ತೆ ಉಜ್ಜುವುದು. ಕೊನೆಗೆ ಅತ್ತೆ ಕ್ಯಾಮೆರಾ ಇಳಿಸದೆ, ಬೆಟ್ಟದ ನೆತ್ತಿಯ ಬಂಡೆಯ ಮೇಲೆ ಎರಡು ಕೋತಿ ಕೂತಿವೆ, ಒಂದು ಇನ್ನೊಂದರ ಹೇನು ಹೆಕ್ಕುತ್ತಿದೆ ಎಂದರು. ನಾವೆಲ್ಲ ಸರದಿಯ ಮೇಲೆ ಕೋತಿ ನೋಡಿದೆವು. ಸಾಬರು ಎರಡು ಸಲ ನೋಡಿದರು. ಮಾವ ಅವತ್ತೇ ಸೋರೆ ಬಳ್ಳಿ ಬಿಡಿಸಿ ಸ್ಟ್ಯಾಂಡು ತೊಳೆದರು.

ಅಲ್ಲಿಂದ ಮುಂದೆ ಮನೆ ಮತ್ತೆ ತುಂಬಿಕೊಂಡಿತು. ರಜೆ ಬಂದರೆ ಮೂವರೂ ಹೊರಟೆವು. ಶ್ರೀನಿವಾಸಪುರದ ಮಾವಿನ ತೋಪು, ಮಾಸ್ತಿಯ ಕಡೆಯ ರಾಗಿ ಕಣ, ಹೋಳೂರಿನ ಜಗಲಿಗಳು. ರೀಲಿನ ಖರ್ಚಿಲ್ಲ, ಹತ್ತು ತೆಗೆದು ಒಂದು ಆರಿಸಿಕೊಳ್ಳಿ ಎಂದು ನಾನು ಹೇಳಿದರೆ ಅತ್ತೆ ಒಪ್ಪುತ್ತಿರಲಿಲ್ಲ.

"ನಾವು ಹತ್ತು ಸಲ ಒತ್ತಬಹುದು ಕಣೇ. ಪಾಪ, ಅವ್ರು ಹತ್ತು ಸಲ ನಿಲ್ಬೇಕಾ?"

ಒಬ್ಬರಿಗೆ ಒಂದೇ ಫೋಟೋ. ಕೋಲಾರದಲ್ಲಿ ಎರಡೆರಡು ಪ್ರಿಂಟು ಹಾಕಿಸಿ, ಒಂದನ್ನು ತಾವಿಟ್ಟುಕೊಂಡು ಇನ್ನೊಂದನ್ನು ತಪ್ಪದೆ ಅವರವರ ಮನೆಗೆ ಕೊಟ್ಟು ಬರುತ್ತಿದ್ದರು.

ಎರಡನೇ ವರ್ಷ ಚಿತ್ರಗಳು ಮಸುಕಾಗತೊಡಗಿದವು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದವಳು ನಾನು, ಹಾಗಾಗಿ ಮೊದಲು ತಿಳಿದದ್ದೂ ನನಗೇ. ಕಣ್ಣಿನ ಬದಲು ಕಿವಿ ಸ್ಪಷ್ಟ, ಕಿವಿಯ ಬದಲು ಹಿಂದಿನ ಗೋಡೆ. ಬಳೆಯಲ್ಲಿ ದೋಷವಿರಲಿಲ್ಲ. ನಾನು ತೆಗೆದರೆ ಸರಿ ಬರುತ್ತಿತ್ತು. ಮನೆಯ ಬಲ್ಬುಗಳೆಲ್ಲ ಮಂಕಾಗಿವೆ ಎಂದು ಅತ್ತೆ ದೂರುತ್ತಿದ್ದರು, ಮಾವ ಬಲ್ಬು ಬದಲಿಸುತ್ತಲೇ ಇದ್ದರು. ಹೇಳಬೇಕಿತ್ತು, ಹೇಳಲಿಲ್ಲ. ಟ್ರಂಕು ಮತ್ತೆ ಮುಚ್ಚಿಬಿಡುತ್ತಾರೆಂಬ ಹೆದರಿಕೆ. ಚೆನ್ನಾಗಿ ಬಂದಿದೆ ಅತ್ತೆ ಎಂದು ಪ್ರತಿ ಸಲವೂ ಹೇಳಿದೆ. ಸಣ್ಣ ಪ್ರಿಂಟಿನಲ್ಲಿ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಹೀಗೆ ಒಂದು ವರ್ಷ ಕಳೆಯಿತು.

ಕೊನೆಗೆ ಅವರೇ ಅಕ್ಕಿಯಲ್ಲಿ ಕಲ್ಲು ಕಾಣುತ್ತಿಲ್ಲವೆಂದಾಗ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆವು. ಪೊರೆ ಬಲಿತಿತ್ತು. ಪೊರೆ ತೆಗೆದು ಒಳಗೆ ಒಂದು ಲೆನ್ಸು ಕೂರಿಸುತ್ತೇವೆ ಎಂದು ಡಾಕ್ಟರು ಹೇಳಿದ್ದೇ ತಡ, ಅತ್ತೆ ನೆಟ್ಟಗೆ ಕೂತು, ಅದಕ್ಕೆ ಬಳೆ ಬೇಕಾಗುತ್ತದೆಯೇ ಎಂದು ವಿಚಾರಿಸಿದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ಮಾವ ನಕ್ಕು ನಕ್ಕು ಕೆಮ್ಮಿದರು.

ಆಪರೇಷನ್ ಆಗಿ, ಹನಿ ಹಾಕುವ ವಾರಗಳು ಮುಗಿದು, ಹೊಸ ಕನ್ನಡಕ ಬಂದ ದಿನ ಅತ್ತೆ ಆ ವರ್ಷದ ಪ್ರಿಂಟುಗಳನ್ನೆಲ್ಲ ಹಿಡಿದು ಮಹಡಿಗೆ ಹೋದರು. ಗಂಟೆಯಾದರೂ ಇಳಿಯಲಿಲ್ಲ. ನಾನು ಕಾಫಿ ಹಿಡಿದು ಹೋದೆ. ಫೋಟೋಗಳು ಅವರ ಸುತ್ತ ಹರಡಿದ್ದವು.

"ನಿಂಗೆ ಗೊತ್ತಿತ್ತಾ?" ಎಂದರು.

ಗೊತ್ತಿತ್ತು ಎಂದೆ. ಕಾಫಿ ಲೋಟವನ್ನು ಅವರ ಕೈಗೆ ಕೊಟ್ಟೆ. ಬೇಜಾರಾಗಿ ಮತ್ತೆ ಬಿಟ್ಟುಬಿಡ್ತೀರಿ ಅಂತ ಹೇಳಲಿಲ್ಲ ಎಂದೆ.

"ನಾನು ನಿನ್ನ ಹಲ್ಲಿನ ವಿಷಯ ಸುಳ್ಳು ಹೇಳಿದ್ನೇನೇ?"

ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಬೈದದ್ದು ಅದೊಂದೇ ಸಲ, ಅದೂ ದನಿ ಏರಿಸದೆ. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅವರು ಕಾಫಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಫೋಟೋಗಳನ್ನು ಜೋಡಿಸಿಕೊಳ್ಳುತ್ತಾ, ಬರುವ ಭಾನುವಾರ ಮೊದಲು ಎಲ್ಲಿಗೆ ಹೋಗೋಣ ಎಂದು ಕೇಳಿದರು. ಅವರ ತೀರ್ಮಾನವಾಗಿತ್ತು. ಆ ವರ್ಷ ಯಾರ್ಯಾರನ್ನು ಮಸುಕಾಗಿ ತೆಗೆದಿದ್ದರೋ ಅಷ್ಟೂ ಜನರನ್ನು ಮತ್ತೆ ಹುಡುಕಿ ಹೋಗಿ ತೆಗೆಯಬೇಕು.

ನನ್ನ ಬದುಕಿನ ಅತಿ ಸಂತೋಷದ ತಿಂಗಳುಗಳು ಅವು. ಪ್ರತಿ ಮನೆಯ ಬಾಗಿಲಲ್ಲೂ ಅತ್ತೆ ತಪ್ಪೊಪ್ಪಿಕೊಳ್ಳುತ್ತಿದ್ದರು. ಹೋದ ಸಲ ನನ್ನ ಕಣ್ಣು ಸರಿಯಿರಲಿಲ್ಲ, ಇನ್ನೊಂದು ಸಲ ನಿಲ್ತೀರಾ ಎಂದು. ಜನ ಹೊಸ ಸೀರೆಯುಟ್ಟು ನಿಂತರು, ಮಜ್ಜಿಗೆ ಕೊಟ್ಟರು, ಹೋದ ಸಲ ಇಲ್ಲದ ಕೂಸುಗಳನ್ನು ಎತ್ತಿಕೊಂಡು ಬಂದರು. ಲೇತ್ ಸಾಬರು ಎರಡನೇ ಫೋಟೋಕ್ಕೆಂದು ಗಡ್ಡ ಒಪ್ಪ ಮಾಡಿಸಿಕೊಂಡಿದ್ದರು. ಮಾವ ಸ್ಟ್ಯಾಂಡು ಹೊತ್ತು ದಣಿದು, ನಿನ್ನ ಕಣ್ಣಿನ ಪಾಪಕ್ಕೆ ನನ್ನ ಹೆಗಲು ದಂಡ ಕಟ್ಟುತ್ತಿದೆ ಎನ್ನುತ್ತಿದ್ದರು.

ಹೋಳೂರಿನ ಒಂದು ಮನೆಯಲ್ಲಿ ಮಾತ್ರ ನಾವು ತಡವಾಗಿ ಹೋದೆವು. ಅತ್ತೆ ಫೋಟೋ ತೆಗೆದಿದ್ದ ಅಜ್ಜ ತೀರಿಕೊಂಡಿದ್ದರು. ಅದೇ ಫೋಟೋವನ್ನು ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ದೊಡ್ಡದಾದ ಮೇಲೆ ಅದು ಇನ್ನೂ ಮಸುಕಾಗಿ, ಅಜ್ಜನ ಮುಖ ಹೊಗೆಯ ಹಿಂದೆ ಇದ್ದಂತಿತ್ತು. ಅತ್ತೆಯ ಮುಖ ಸಪ್ಪಗಾಯಿತು. ಇದು ಸರಿಯಾಗಿಲ್ಲ, ಬೇರೆ ಹಳೆಯ ಫೋಟೋ ಇದ್ದರೆ ಕೊಡಿ, ಚೆನ್ನಾಗಿ ಪ್ರತಿ ಮಾಡಿಸಿಕೊಡುತ್ತೇನೆ ಎಂದು ಬೇಡಿಕೊಂಡರು. ಅಜ್ಜನ ಸೊಸೆ ಕೈಯಲ್ಲಿದ್ದ ಮೊರ ಕೆಳಗಿಟ್ಟು ಬಂದಳು.

"ಬೇರೆ ಇಲ್ಲ ಕಣಮ್ಮ. ಇದ್ರೂ ಬೇಡ. ಮುದ್ಕ ಜಗಲಿ ಮೇಲೆ ಬೀಡಿ ಸೇದ್ತಾ ಹಿಂಗೇ ಕಾಣ್ತಿದ್ದ."

ಅತ್ತೆ ಆ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಆ ಸೊಸೆಯನ್ನು ಜಗಲಿಯ ಮೇಲೆ ಕೂರಿಸಿ ಅವಳದ್ದೊಂದು ಫೋಟೋ ತೆಗೆದರು. ಮುಳಬಾಗಿಲಿನಲ್ಲಿ ಬಸ್ಸು ಇಳಿಯುವಾಗ ನನ್ನ ಕೈ ಹಿಡಿದು, ನಿನ್ನದು ಒಂದು ಸುಳ್ಳು ಮಾಫಿ ಎಂದರು.

ಅದರ ಮುಂದಿನ ವರ್ಷ, ಮಾವು ಹೂ ಬಿಡುವ ಕಾಲದಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದ ಅತ್ತೆ ಮತ್ತೆ ಏಳಲಿಲ್ಲ. ನೋವಿಲ್ಲದ, ಯಾರಿಗೂ ತೊಂದರೆ ಕೊಡದ ಸಾವು ಎಂದು ಬಂದವರೆಲ್ಲ ಹೇಳಿದರು. ನಮಗೆ ಅದು ಸಮಾಧಾನ ತರಲಿಲ್ಲ. ಕ್ಯಾಮೆರಾ ಅವರು ತೂಗುಹಾಕಿದ್ದ ಮೊಳೆಯಲ್ಲೇ ತಿಂಗಳುಗಟ್ಟಲೆ ನೇತಾಡಿತು.

ಮಳೆಗಾಲ ಬಂದ ಮೇಲೆ ಒಂದು ಬೆಳಿಗ್ಗೆ ಧೈರ್ಯ ಮಾಡಿ ಅದರ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಕೊನೆಯ ಫೋಟೋದಲ್ಲಿ ಮಾವ ಇದ್ದರು. ಆರಾಮಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ, ಎದೆಯ ಮೇಲೆ ಪೇಪರು. ಅತ್ತೆ ಗುರಿಯಿಟ್ಟದ್ದು ಅವರ ಕಿವಿಗೆ. ಕಿವಿಯಿಂದ ಹೊರಬಂದ ಒಂದೊಂದು ಬಿಳಿ ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿತ್ತು.

ಮಾವನನ್ನು ಕರೆದು ತೋರಿಸಿದೆ. ಅವರು ಕನ್ನಡಕ ಏರಿಸಿ, ಬಗ್ಗಿ, ಬಹಳ ಹೊತ್ತು ನೋಡಿದರು. ಅಳುತ್ತಾರೇನೋ ಎಂದು ನಾನು ಕುರ್ಚಿ ಸರಿಸಿ ಎದ್ದೆ.

"ಕಿವಿ ಕೂದ್ಲು ಕತ್ತರಿಸ್ಕೊಳ್ಳಿ ಅಂತ ಬಡ್ಕೋತಿದ್ಲು. ಎಲ್ಲಿದೆ ತೋರ್ಸು ಅಂತಿದ್ದೆ ನಾನು," ಎಂದರು. ಆಮೇಲೆ ನಕ್ಕರು. "ತೋರಿಸ್ಬಿಟ್ಲಲ್ಲಮ್ಮ."

ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟರು, ಚಪ್ಪಲಿ ಮೆಟ್ಟಿದರು, ಛತ್ರಿ ಬಿಚ್ಚಿಕೊಂಡು ಕ್ಷೌರದ ಅಂಗಡಿಯ ಕಡೆ ನಡೆದರು.