ಸರ್ವೆ ನಂಬರ್ ಬದಲಾಗಲ್ಲ ಎಂದ ಮೇಷ್ಟ್ರು

ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದವಾಗಿ, ಹಳದಿಗಟ್ಟಿ, ಸ್ಕ್ರೂ ತಿರುಗಿಸುವಷ್ಟು ಗಟ್ಟಿಯಾಗಿತ್ತು. ಕಂಪ್ಯೂಟರನ್ನು ಅದರಲ್ಲೇ ಬಿಚ್ಚಿ, ಅದರಲ್ಲೇ ಕಿವಿಯನ್ನೂ ಕೆರೆದುಕೊಳ್ಳುತ್ತಿದ್ದರು. ಅರಸೀಕೆರೆ ಬಸ್ ಸ್ಟ್ಯಾಂಡ್ ಹಿಂದಿನ ಅವರ ರಿಪೇರಿ ಅಂಗಡಿಯಲ್ಲಿ ನಾನು ಕೆಲಸ ಕಲಿತೆ. ಮೇಷ್ಟ್ರು ಅನ್ನುತ್ತಿದ್ದೆವು. ಪ್ರೀತಿಗಲ್ಲ, ಹಾಗೆ ಕರೆಯದಿದ್ದರೆ ಮುಖ ಗಂಟಿಕ್ಕುತ್ತಿದ್ದರು.

ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಡಿಸ್ಕ್‌ಗಳಿಗೆ ಬರುವ ಹೆಸರನ್ನು ಅವರು ಜಮೀನಿನ ಲೆಕ್ಕದಲ್ಲಿ ಹೇಳಿಕೊಟ್ಟರು. ಯಂತ್ರಕ್ಕೆ ಮೊದಲು ಕಂಡ ಡಿಸ್ಕ್ ಎಸ್‌ಡಿಎ, ಆಮೇಲಿನದು ಎಸ್‌ಡಿಬಿ. ಅದು ಸರ್ವೆ ನಂಬರ್. ಅದನ್ನು ಪಾಲು ಮಾಡಿದರೆ ಎಸ್‌ಡಿಬಿ ಒಂದು, ಎಸ್‌ಡಿಬಿ ಎರಡು; ಅದು ಹಿಸ್ಸೆ. ಒಳ್ಳೆಯ ಪಾಠವೇ, ಇಲ್ಲವೆನ್ನಲಾರೆ. ಆದರೆ ಗುರುತಿಗೆಂದು ಡಿಸ್ಕ್ ಮೇಲೆ ಚೀಟಿ ಅಂಟಿಸಿದರೆ ಕಿತ್ತೆಸೆಯುತ್ತಿದ್ದರು. ಸರ್ವೆ ನಂಬರ್ ಎಲ್ಲಾದರೂ ಬದಲಾಗುತ್ತದೆಯೇ ಎಂಬುದು ಅವರ ವಾದ. ಹೊಲ ಇದ್ದಲ್ಲೇ ಇರುತ್ತದೆ. ಯಂತ್ರ ಆರಿಸಿ ಹಾಕಿದರೆ ಡಿಸ್ಕ್‌ನ ಹೆಸರು ಅದಲುಬದಲಾಗಬಹುದು. ಅಷ್ಟು ಅವರಿಗೆ ಗೊತ್ತಿರಲಿಲ್ಲ, ಕೇಳುವ ಜಾಯಮಾನವೂ ಅಲ್ಲ.

ಅಮ್ಮ ತೀರಿಕೊಂಡ ಮೇಲೆ ಅವಳ ದನಿಯಿದ್ದ ಡಿಸ್ಕನ್ನು ಪ್ರತಿ ಮಾಡಿಸಲು ಅವರಲ್ಲಿಗೇ ಒಯ್ದೆ. ಹಾರನಹಳ್ಳಿಯ ಜಗಲಿಯಲ್ಲಿ ಕೂತು ಅವಳು ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ಬೈದ ರೆಕಾರ್ಡಿಂಗ್, ಬೇರೆಲ್ಲೂ ಇರಲಿಲ್ಲ. ಅಮ್ಮನದು ಎಸ್‌ಡಿಎ, ಹೊಸ ಖಾಲಿ ಡಿಸ್ಕ್ ಎಸ್‌ಡಿಬಿ ಎಂದು ನೋಡಿಕೊಂಡರು. ಅಷ್ಟರಲ್ಲಿ ಕರೆಂಟ್ ಹೋಗಿ ಬಂತು. ಯುಪಿಎಸ್‌ಗೆ ಬ್ಯಾಟರಿ ಹಾಕಿಸದ ಜಿಪುಣ. ಮತ್ತೆ ಯಂತ್ರ ಹಾಕಿ, ಎಸ್‌ಡಿಎಯನ್ನು ಇಡಿಯಾಗಿ ಎಸ್‌ಡಿಬಿ ಮೇಲೆ ಬರೆಯಲು ಹೊರಟರು. ಯಾವ ಡಿಸ್ಕ್ ಎಷ್ಟು ಜಿಬಿ ಅಂತ ಅಳತೆ ನೋಡಿ ಒತ್ತಿ ಸಾರ್, ಎಂದೆ.

"ನಂಗೇ ಪಾಠ ಹೇಳ್ತೀಯೇನಮ್ಮ?" ಎಂದು ಒತ್ತಿಯೇಬಿಟ್ಟರು.

ಹೆಸರು ಅದಲುಬದಲಾಗಿ ಅಮ್ಮನದೇ ಎಸ್‌ಡಿಬಿ ಆಗಿತ್ತು. ಹೊಸ ಡಿಸ್ಕಿನ ಖಾಲಿಯೆಲ್ಲ ಅಮ್ಮನ ಮೇಲೆ ಬಂದು ಕೂತಿತು. "ಮಿಷನ್ ಹೆಸ್ರು ಬದಲಾಯ್ಸಿದ್ರೆ ನಂದೇನೈತೆ ತಪ್ಪು?" ಎಂದು ಟೀ ತರಿಸಿಕೊಂಡು ಕುಡಿದರು. ನಾನು ಬಾಯಿಗೆ ಬಂದಂತೆ ಬೈದು ಬಂದೆ. ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಹೋದ ತಿಂಗಳು ಅವರೂ ಹೋದರು. ಶ್ರದ್ಧಾಂಜಲಿ ಫ್ಲೆಕ್ಸ್‌ಗೆ ಫೋಟೊ ಬೇಕೆಂದು ಮಗಳು ಅವರ ಡಿಸ್ಕ್ ಹಿಡಿದು ನಾನೀಗ ನಡೆಸುವ ಫೋಟೊ ಸ್ಟುಡಿಯೋಗೆ ಬಂದಳು. ನನ್ನನ್ನು ಬಿಟ್ಟು ಬೇರೆ ಯಾರ ಕೈಗೂ ಕೊಡಬೇಡ ಅಂದಿದ್ದರಂತೆ ಮೇಷ್ಟ್ರು. ಕೇಳಿ ಇನ್ನಷ್ಟು ಉರಿಯಿತು. ಬದುಕಿದ್ದಾಗ ನನ್ನೆದುರು ಅಷ್ಟು ಆಡಲು ಬಾಯಿ ಬರಲಿಲ್ಲ. ಡಿಸ್ಕ್ ಸಿಕ್ಕಿಸಿದೆ. ಹೆಸರು ನಂಬದೆ ಅಳತೆ ನೋಡಿದೆ, ಚೀಟಿ ಅಂಟಿಸಿದೆ, ಮೊದಲು ಪ್ರತಿ ತೆಗೆದೆ. ಈ ಎಚ್ಚರ ಅವರಿಂದಲೇ ಬಂದದ್ದು, ಆ ಋಣ ಬೇಡವೆಂದರೂ ಬಿಡದು.

ಫೋಟೊಗಳ ನಡುವೆ ಒಂದು ವಿಡಿಯೋ ಇತ್ತು, ಅವರು ಪಾಠ ಹೇಳುತ್ತಿದ್ದುದು. ಅಪ್ಪನ ದನಿ ಕೇಳಿ ಮಗಳು ಅತ್ತಳು. ನಾನೂ ಅತ್ತೆ, ಅವರಿಗಾಗಿ ಅಲ್ಲ.